ಕಡಿಮೆ ಬೆಲೆಯ ಫುಲ್ ಫ್ರೇಮ್ ಬಂದಿದೆಯಂತೆ, ತಗೊಳ್ಳಲಾ?

ಯಾವುದಾದರೂ ಕಂಪನಿ "ಎಲ್ಲರ ಕೈಗೆಟುಕುವ ಫುಲ್ ಫ್ರೇಮ್" ಅಂತ ಹೊಸ ಕ್ಯಾಮೆರಾ ಘೋಷಿಸಿದರೆ ಸಾಕು, ನನಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ನನ್ನ ಹತ್ತಿರ ಕ್ರಾಪ್ ಸೆನ್ಸರ್ ಬಾಡಿ ಇದೆ, ಅದರ ಜೊತೆ ಬಂದ ಕಿಟ್ ಲೆನ್ಸ್ ಇದೆ. ಎರಡನ್ನೂ ಮಾರಿ ಈ ಹೊಸದನ್ನ ತಗೊಳ್ಳಲಾ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. (ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಸೆನ್ಸರ್ ಅಂದರೆ ಅದರೊಳಗೆ ಬೆಳಕು ಹಿಡಿಯುವ ಚಿಪ್. ಆ ಚಿಪ್ ದೊಡ್ಡದಾದರೆ ಫುಲ್ ಫ್ರೇಮ್, ಅದಕ್ಕಿಂತ ಚಿಕ್ಕದಾದರೆ ಕ್ರಾಪ್.) ನಾನು ತಿರುಗಿ ಕೇಳುವುದೂ ಒಂದೇ: ಆ ಬಾಡಿಗೆ ಯಾವ ಲೆನ್ಸ್ ಹಾಕುತ್ತೀರಿ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಬೇಡ. ಯಾಕೆ ಅಂತ ಇಲ್ಲಿ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ.

ಮೊದಲು ದೊಡ್ಡ ಸೆನ್ಸರ್‌ನಿಂದ ಸಿಗುವುದೇನು ನೋಡೋಣ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಹಳೇ 35 ಎಂಎಂ ಫಿಲ್ಮಿನ ಒಂದು ಫ್ರೇಮಿನ ಅಳತೆಯೇ ಇದು. ನಿಕಾನ್, ಸೋನಿಯವರ ಕ್ರಾಪ್ ಸೆನ್ಸರ್ ಸುಮಾರು 23.5ಕ್ಕೆ 15.6 ಮಿ.ಮೀ. ಗುಣಿಸಿ ನೋಡಿದರೆ ಫುಲ್ ಫ್ರೇಮ್‌ನ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದೇ ಎಫ್ ನಂಬರು (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ, ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಅದೇ ಶಟರ್ ಸ್ಪೀಡ್ (ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತು) ಇಟ್ಟರೆ ಅಷ್ಟು ಪಟ್ಟು ಬೆಳಕು ಜಾಸ್ತಿ ಬೀಳುತ್ತದೆ. ಲೆಕ್ಕದಲ್ಲಿ ಒಂದು ಸ್ಟಾಪಿಗಿಂತ ಚೂರು ಹೆಚ್ಚು (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು). ಅಂದರೆ ಕ್ರಾಪ್‌ನಲ್ಲಿ ಐಎಸ್‌ಒ 1600ಕ್ಕೆ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್ ಇದು) ಕಾಣುವಷ್ಟು ನಾಯ್ಸ್, ಅಂದರೆ ಫೋಟೊದಲ್ಲಿ ಕಾಳುಕಾಳಾಗಿ ಕಾಣುವ ಗಲೀಜು, ಅದೇ ಕಾಲದ ಫುಲ್ ಫ್ರೇಮ್‌ನಲ್ಲಿ 3200 ದಾಟಿದ ಮೇಲೆ ಕಾಣುತ್ತದೆ. ಮಂದ ಬೆಳಕಿನಲ್ಲಿ ತೆಗೆಯುವವರಿಗೆ ಇದು ದೊಡ್ಡ ಉಪಕಾರವೇ. ಹಗಲು ಬೆಳಕಿನಲ್ಲಿ ಐಎಸ್‌ಒ 100ಕ್ಕೆ ತೆಗೆದ ಎರಡು ಫೋಟೊ ಅಕ್ಕಪಕ್ಕ ಇಟ್ಟು ಯಾವುದು ಯಾವುದರದ್ದು ಹೇಳಿ ಅಂದರೆ, ಹೆಚ್ಚಿನವರು ತಡವರಿಸುತ್ತಾರೆ.

ಈಗ ಕೊಕ್ಕೆ ಇರುವ ಜಾಗಕ್ಕೆ ಬರೋಣ. "ಅದೇ ಎಫ್ ನಂಬರು" ಅಂದೆನಲ್ಲ, ಕಿಟ್ ಲೆನ್ಸ್ ಹಾಕಿದಾಗ ಅದೇ ಉಳಿಯುವುದಿಲ್ಲ. ಕ್ಯಾನನ್ ಆರ್8 ಜೊತೆ ಕೊಡುವ 24-50 ಎಂಎಂ ಲೆನ್ಸನ್ನೇ ತಗೊಳ್ಳಿ. 50ಕ್ಕೆ ಜೂಮ್ ಮಾಡಿದರೆ ಅದರ ಅಪರ್ಚರ್ ಎಫ್ 6.3ಕ್ಕೆ ಬಂದು ನಿಲ್ಲುತ್ತದೆ. ನಿಕಾನ್ ಝಡ್5 ಜೊತೆ ಬರುತ್ತಿದ್ದ 24-50ರ ಕಥೆಯೂ ಅಷ್ಟೇ. ಲೆನ್ಸಿನಲ್ಲಿ ಬೆಳಕು ಒಳಗೆ ಬರುವ ಕಿಂಡಿಯ ಅಗಲ ಎಷ್ಟು ಅಂತ ತಿಳಿಯಲು ಫೋಕಲ್ ಲೆಂತನ್ನು (ಲೆನ್ಸಿನ ಹೆಸರಲ್ಲಿರುವ 24, 50 ಥರದ ಎಂಎಂ ಅಂಕಿ) ಎಫ್ ನಂಬರಿನಿಂದ ಭಾಗಿಸಬೇಕು. 50ನ್ನು 6.3ರಿಂದ ಭಾಗಿಸಿ: ಹತ್ತಿರ ಹತ್ತಿರ 8 ಮಿ.ಮೀ.

ನಿಮ್ಮ ಕ್ರಾಪ್ ಬಾಡಿಗೆ ಸಿಗ್ಮಾದವರ 18-50 ಎಫ್ 2.8 ಹಾಕಿದಿರಿ ಅಂತಿಟ್ಟುಕೊಳ್ಳಿ. ಸುಮಾರು 300 ಗ್ರಾಂ ತೂಕದ ಪುಟ್ಟ ಲೆನ್ಸ್ ಅದು. ಫುಲ್ ಫ್ರೇಮ್‌ನ 50 ಎಂಎಂನಲ್ಲಿ ಕಾಣುವಷ್ಟೇ ದೃಶ್ಯ, ಸೆನ್ಸರ್ ಚಿಕ್ಕದಾದ್ದರಿಂದ, ಇದರಲ್ಲಿ ಸುಮಾರು 33ಕ್ಕೆ ಕಾಣುತ್ತದೆ. 33ನ್ನು 2.8ರಿಂದ ಭಾಗಿಸಿ: ಸುಮಾರು 12 ಮಿ.ಮೀ. ಎಂಟರ ಕಿಂಡಿ ಎಲ್ಲಿ, ಹನ್ನೆರಡರ ಕಿಂಡಿ ಎಲ್ಲಿ! ವಿಸ್ತೀರ್ಣದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಅಂದರೆ ಒಂದೇ ದೃಶ್ಯ, ಒಂದೇ ಶಟರ್ ಸ್ಪೀಡ್ ಇಟ್ಟುಕೊಂಡರೆ ನಿಮ್ಮ "ಹಳೇ" ಕ್ರಾಪ್ ಬಾಡಿಗೇ ಜಾಸ್ತಿ ಬೆಳಕು ಸಿಕ್ಕಿತು. ಹಿನ್ನೆಲೆ ಮಸುಕಾಗುವುದೂ ಅದರಲ್ಲೇ ಹೆಚ್ಚು. ಹೊಸ ಬಾಡಿಗೆ ದುಡ್ಡು ಸುರಿದು, ಕಿಟ್ ಲೆನ್ಸಿನಲ್ಲೇ ಉಳಿದುಕೊಂಡು, ಒಂದು ಸ್ಟಾಪ್ ಹಿಂದೆ ಬಿದ್ದ ಹಾಗಾಯಿತು ಅಲ್ವಾ?

ಇಷ್ಟು ಹೇಳಿದ ಮೇಲೆ "ಒಳ್ಳೆ ಲೆನ್ಸ್ ಆಮೇಲೆ ತಗೋತೀನಿ ಬಿಡಿ" ಅನ್ನುತ್ತಾರೆ. ಕ್ಯಾನನ್ ಆಗಲಿ ನಿಕಾನ್ ಆಗಲಿ, ಕಂಪನಿಯದೇ 24-70 ಎಫ್ 2.8 ಬೇಕು ಅಂದರೆ ಅದು ಇಂಥ ಬಾಡಿಗಿಂತ ದುಬಾರಿ. ಆನೆ ಅಗ್ಗಕ್ಕೆ ಸಿಕ್ಕಿತು ಅಂತ ಹೊಡೆದುಕೊಂಡು ಬಂದರೆ ಮೇವು ಅಗ್ಗವಾಗುವುದಿಲ್ಲ. ಆದರೆ ನನಗೆ ಇಷ್ಟವಾದ ಇನ್ನೊಂದು ದಾರಿ ಇದೆ. ಜೂಮ್ ಆಸೆ ಬಿಟ್ಟು ಕ್ಯಾನನ್‌ನ 50 ಎಫ್ 1.8, ಅಥವಾ ನಿಕಾನ್‌ನ 40 ಎಫ್ 2 ಥರದ ಒಂದೇ ಒಂದು ಸಣ್ಣ ಲೆನ್ಸ್ ಹಾಕಿಕೊಳ್ಳುವುದು. ಆ 50 ಎಂಎಂ ಲೆನ್ಸಿನ ಕಿಂಡಿ ಸುಮಾರು 28 ಮಿ.ಮೀ.! ತೂಕ 160 ಗ್ರಾಂ. ಒಂದು ವರ್ಷ ಇದೊಂದರಲ್ಲೇ ಕಳೆಯುತ್ತೇನೆ ಅನ್ನುವವರು ಧಾರಾಳವಾಗಿ ಫುಲ್ ಫ್ರೇಮ್ ತಗೊಳ್ಳಿ. ಕೊಟ್ಟ ದುಡ್ಡು ದಕ್ಕುತ್ತದೆ.

ಇನ್ನು ಬಾಡಿಯ ವಿಷಯ. ಘೋಷಣೆಯ ದಿನ ಎಲ್ಲರೂ ಏನೇನು ಕೊಟ್ಟಿದ್ದಾರೆ ಅಂತ ಓದುತ್ತಾರೆ. ನಾನು ಏನೇನು ಕಿತ್ತುಕೊಂಡಿದ್ದಾರೆ ಅಂತ ಹುಡುಕುತ್ತೇನೆ. ಬೆಲೆ ಸುಮ್ನೆ ಇಳಿಯುವುದಿಲ್ಲ. 2005ರಲ್ಲಿ ಬಂದ ಕ್ಯಾನನ್ 5ಡಿಯನ್ನೇ ಆಗ ಜನ ಕೈಗೆಟುಕುವ ಫುಲ್ ಫ್ರೇಮ್ ಅಂದಿದ್ದರು. 2012ರ ಸೆಪ್ಟೆಂಬರಿನಲ್ಲಿ ನಿಕಾನ್ ಡಿ600, ಕ್ಯಾನನ್ 6ಡಿ ನಾಲ್ಕೇ ದಿನದ ಅಂತರದಲ್ಲಿ ಘೋಷಣೆಯಾದವು. 2019ರಲ್ಲಿ ಬಂದ ಇಓಎಸ್ ಆರ್‌ಪಿಯ ಬೆಲೆ ಆ 5ಡಿಯ ಮೊದಲ ಬೆಲೆಯ ಅರ್ಧಕ್ಕಿಂತ ಕಮ್ಮಿ.

ಆ ಆರ್‌ಪಿಯನ್ನು ಕೈಯಲ್ಲಿ ಹಿಡಿದು ನೋಡಿ, ಕತ್ತರಿ ಎಲ್ಲೆಲ್ಲಿ ಆಡಿದೆ ಅಂತ ಗೊತ್ತಾಗುತ್ತದೆ. ತೂಕ 485 ಗ್ರಾಂ, ಅದು ಸಂತೋಷ. ಅದಕ್ಕೆ ತಕ್ಕಂತೆ ಬ್ಯಾಟರಿಯೂ ಪುಟ್ಟದು, ಕಂಪನಿಯ ಲೆಕ್ಕದಲ್ಲೇ ಒಂದು ಚಾರ್ಜಿಗೆ 250 ಫೋಟೊ. ಕೈ ನಡುಗಿದರೆ ಸರಿಮಾಡುವ ಸ್ಟೆಬಿಲೈಸೇಶನ್ ಬಾಡಿಯೊಳಗೆ ಇಲ್ಲ. 4ಕೆ ವಿಡಿಯೊ ತೆಗೆದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ. ಅಂದರೆ ಫುಲ್ ಫ್ರೇಮ್ ಅಂತ ತಗೊಂಡವರಿಗೆ ವಿಡಿಯೊದಲ್ಲಿ ಮತ್ತೆ ಕ್ರಾಪ್. ಕಾರ್ಡ್ ಒಂದೇ, ಅದೂ ಕೆಳಗಡೆ ಬ್ಯಾಟರಿ ಬಾಗಿಲಿನೊಳಗೆ. ಅಗಲವಾದ ಟ್ರೈಪಾಡ್ ಪ್ಲೇಟ್ ಬಿಗಿದಿದ್ದರೆ ಕಾರ್ಡ್ ತೆಗೆಯುವ ಮೊದಲು ಪ್ಲೇಟ್ ಬಿಚ್ಚಬೇಕು. ಯಾವ ಜಾಹೀರಾತಿನಲ್ಲೂ ಬರದ, ದಿನಾ ಕಾಡುವ ವಿಷಯ ಇದು.

ಮರುವರ್ಷ ಬಂದ ನಿಕಾನ್ ಝಡ್5ರಲ್ಲಿ ಸ್ಟೆಬಿಲೈಸೇಶನ್ ಇತ್ತು, ಎರಡು ಕಾರ್ಡ್ ಇತ್ತು. ಅಲ್ಲಿ ಕತ್ತರಿ ಬಿದ್ದಿದ್ದು ವೇಗಕ್ಕೆ: ಸೆಕೆಂಡಿಗೆ 4.5 ಫೋಟೊ, 4ಕೆಯಲ್ಲಿ 1.7 ಪಟ್ಟು ಕ್ರಾಪ್. 2023ರ ಆರ್8ಗೆ ಕ್ಯಾನನ್ ತನ್ನ ಆರ್6 ಮಾರ್ಕ್ 2ರ ಸೆನ್ಸರನ್ನೇ ಕೊಟ್ಟಿತು, ಆಟೋಫೋಕಸ್ ಸೊಗಸಾಗಿದೆ. ಆದರೆ ಸ್ಟೆಬಿಲೈಸೇಶನ್ ಇಲ್ಲ, ಅದೇ ಪುಟ್ಟ ಬ್ಯಾಟರಿ, ಒಂದೇ ಕಾರ್ಡ್. ಪೂರ್ತಿ ಮೆಕ್ಯಾನಿಕಲ್ ಶಟರೂ ಇಲ್ಲ. 2025ರ ಝಡ್5 ಮಾರ್ಕ್ 2ರಲ್ಲಿ ಇಂಥ ಕಡಿತ ಕಮ್ಮಿ, ಅದಕ್ಕೇ ಬೆಲೆ ಒಂದು ಮೆಟ್ಟಿಲು ಮೇಲೆ. ಈ ಸಾಲಿನಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಅದೇ.

ಇದರಲ್ಲಿ ಯಾವ ಕಡಿತ ನಿಮಗೆ ನೋವು ಕೊಡುತ್ತದೆ ಅನ್ನುವುದನ್ನು ನೀವೇ ಹೇಳಬೇಕು. ದುಡ್ಡು ತಗೊಂಡು ಬೇರೆಯವರ ಸಮಾರಂಭ ತೆಗೆಯುವವರಿಗೆ ಒಂದೇ ಕಾರ್ಡಿನ ಬಾಡಿ ನಾನು ಹೇಳುವುದಿಲ್ಲ. ಕಾರ್ಡ್ ಕೈಕೊಟ್ಟರೆ ಆ ದಿನವನ್ನು ಮತ್ತೆ ತರಲಾಗುವುದಿಲ್ಲ. ಟ್ರೈಪಾಡ್ ಮೇಲಿಟ್ಟು ಬೆಟ್ಟ, ಕೆರೆ ತೆಗೆಯುವವರಿಗೆ ಸ್ಟೆಬಿಲೈಸೇಶನ್ ಇಲ್ಲದಿದ್ದರೂ ನಡೆಯುತ್ತದೆ. ಮನೆಯೊಳಗೆ ಓಡಾಡುವ ಮಕ್ಕಳನ್ನು ತೆಗೆಯುವವರು ಬೇರೆಲ್ಲ ಬಿಟ್ಟು ಆಟೋಫೋಕಸ್ ನೋಡಿ.

ಹಕ್ಕಿ ತೆಗೆಯುವವರು? ದೂರದ ಹಕ್ಕಿ ದೊಡ್ಡದಾಗಿ ಕಾಣಬೇಕಾದರೆ ಫೋಟೊದ ಸುತ್ತಲಿನ ಭಾಗ ಕತ್ತರಿಸಬೇಕಾಗುತ್ತದೆ. ಕ್ರಾಪ್‌ನಲ್ಲೇ ಇರಿ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಫೋಟೊವನ್ನು ಕ್ರಾಪ್ ಅಳತೆಗೆ ಕತ್ತರಿಸಿದರೆ ಉಳಿಯುವುದು ಹತ್ತು ಹನ್ನೊಂದು ಮೆಗಾಪಿಕ್ಸೆಲ್. ಕ್ಯಾನನ್ ಆರ್7 ಥರದ ಕ್ರಾಪ್ ಬಾಡಿ ಅಷ್ಟೇ ಜಾಗದಲ್ಲಿ 32.5 ಕೊಡುತ್ತದೆ. ಹಳೇ ಕ್ರಾಪ್ ಲೆನ್ಸನ್ನೇ ಹೊಸ ಬಾಡಿಗೆ ಹಾಕಿಕೊಂಡು ಕಾಲ ತಳ್ಳುತ್ತೇನೆ ಅನ್ನುವವರಿಗೂ ಇದೇ ಲೆಕ್ಕ: ಆ ಲೆನ್ಸ್ ಸೆನ್ಸರಿನ ನಡುಭಾಗವನ್ನಷ್ಟೇ ತುಂಬುತ್ತದೆ.

ಕ್ಯಾನನ್ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಹಳೇ ಥರದ ಕ್ಯಾಮೆರಾ) ಕಾಲದ ಫುಲ್ ಫ್ರೇಮ್ ಇಎಫ್ ಲೆನ್ಸುಗಳು ಮನೆಯಲ್ಲಿ ಕೂತಿದ್ದರೆ ಮಾತೇ ಬೇರೆ. ಅಡಾಪ್ಟರ್ ಹಾಕಿದರೆ ಹೊಸ ಆರ್ ಬಾಡಿಗಳಲ್ಲಿ ಚೆನ್ನಾಗಿಯೇ ಫೋಕಸ್ ಮಾಡುತ್ತವೆ. ಅಂಥವರು ಹೆಚ್ಚು ಯೋಚಿಸಬೇಕಿಲ್ಲ. ನಿಕಾನ್‌ನವರು ಒಮ್ಮೆ ಲೆನ್ಸಿನ ಮೇಲೆ ಬರೆದಿರುವುದನ್ನು ಓದಿ. ಎಎಫ್-ಎಸ್ ಆದರೆ ಸರಿ. ಒಳಗೆ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸುಗಳನ್ನು ನಿಕಾನ್‌ನ ಅಡಾಪ್ಟರಿನಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು.

ತಗೊಳ್ಳುವುದು ಅಂತ ತೀರ್ಮಾನವಾದರೂ ಮೊದಲ ದಿನವೇ ಬುಕ್ ಮಾಡುವ ಅವಸರ ಬೇಡ. ಡಿ600 ಬಂದಾಗ ಸೆನ್ಸರ್ ಮೇಲೆ ಕಲೆ ಕೂರುತ್ತದೆ ಅನ್ನುವ ದೂರು ಎಲ್ಲೆಡೆ ಕೇಳಿಬಂತು. 2013ರ ಅಕ್ಟೋಬರಿನಲ್ಲಿ ಹೊಸ ಶಟರ್ ಇಟ್ಟು ಡಿ610 ಬಂತು. ಡಿ600 ಇದ್ದವರಿಗೆ ಸರ್ವಿಸ್ ಮಾಡಿ, ಶಟರ್ ಬದಲಿಸಿ, ಎಲ್ಲ ಉಚಿತವಾಗಿ ಮಾಡಿಕೊಡುತ್ತೇವೆ ಅಂತ ನಿಕಾನ್ 2014ರಲ್ಲಿ ಹೇಳಿತು. ಕೆಲವು ತಿಂಗಳು ಕಾದರೆ ಇಂಥವೆಲ್ಲ ತಾನಾಗಿ ಹೊರಗೆ ಬರುತ್ತವೆ. ಅಷ್ಟರಲ್ಲಿ ಹಿಂದಿನ ಮಾಡೆಲ್ ಮಾರಿಕೊಳ್ಳುವವರೂ ಹೆಚ್ಚಾಗಿರುತ್ತಾರೆ. ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಸಲ ಕ್ಲಿಕ್ಕಿಸಿದ್ದಾರೆ ಅನ್ನುವ ಲೆಕ್ಕ, ಕೇಳಿ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರ್ ಕ್ಲೀನ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆದುಕೊಡಿ ಅಂತ ಅಲ್ಲೇ ಕೇಳಿ.