ನಾಲ್ಕೇ ಸೆಕೆಂಡು ಮಾರಾಯ್ರೆ

ಆಟಿ ತಿಂಗಳ ಮಳೆ. ನೆಹರೂ ಮೈದಾನ ಪೂರಾ ಕೆಸರು, ಅಕ್ಕನ ಮಗನಿಗೆ ಆಡಲಿಕ್ಕೆ ಜಾಗ ಇಲ್ಲ. ನಿನ್ನೆ ಅವನನ್ನು ಶೀಟ್ ಹಾಕಿದ ಒಂದು ಟರ್ಫ್‌ಗೆ, ಅಂದರೆ ಕೃತಕ ಹುಲ್ಲಿನ ಅಂಗಳಕ್ಕೆ, ಕರೆದುಕೊಂಡು ಹೋದೆ. ಐದೈದು ಜನ, ಸುತ್ತ ಬಲೆ.

"ಇದು ಫುಟ್ಸಾಲಾ?" ಕೇಳಿದೆ.

"ಅಲ್ಲ ಮಾಮ, ಫುಟ್ಸಾಲಿಗೆ ಗಟ್ಟಿ ನೆಲ ಬೇಕು. ಬಾಲೇ ಬೇರೆ."

ಅವನು ಹೇಳಿದ್ದು ಸರಿ. ಫುಟ್ಸಾಲ್ ಎಂದರೆ ಗಟ್ಟಿ ನೆಲದ ಮೇಲೆ ಐದೈದು ಜನ ಆಡುವ ಪುಟ್ಟ ಫುಟ್ಬಾಲ್. ಆ ಚೆಂಡನ್ನು ಎರಡು ಮೀಟರ್ ಎತ್ತರದಿಂದ ಬಿಟ್ಟರೂ 65 ಸೆಂಟಿಮೀಟರ್‌ಗಿಂತ ಹೆಚ್ಚು ಪುಟಿಯುವಂತಿಲ್ಲ. ಅದಕ್ಕೇ ಅದು ಕಾಲಿಗೆ ಅಂಟಿಕೊಂಡ ಹಾಗೆ ಕಾಣುವುದು. ಚೆಂಡು ಹೊರಗೆ ಹೋದರೆ ನಾಲ್ಕು ಸೆಕೆಂಡಿನೊಳಗೆ ಒಳಗೆ ಒದೆಯಬೇಕು, ಇಲ್ಲದಿದ್ದರೆ ಎದುರಾಳಿಗೆ. (ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಇಳಿಯಲಿಕ್ಕೆ ಅಷ್ಟೂ ಕೊಡುವುದಿಲ್ಲ, ಅದು ಬೇರೆ ವಿಷಯ.) ಒಂದು ಅರ್ಧದಲ್ಲಿ ತಂಡದ ಆರನೇ ಫೌಲಿನಿಂದ ಹಿಡಿದು ಎದುರಾಳಿಗೆ, ಅಡ್ಡ ನಿಲ್ಲುವ ಆಟಗಾರರ ಗೋಡೆಯಿಲ್ಲದ ಫ್ರೀ ಕಿಕ್.

ರಾತ್ರಿ ಊಟದ ಮೇಲೆ ಇಬ್ಬರೂ ಮೊಬೈಲ್ ಹಿಡಿದು ಕೂತೆವು. ಏಷ್ಯಾದ 20 ವರ್ಷದೊಳಗಿನವರ ಫುಟ್ಸಾಲ್ ಚಾಂಪಿಯನ್‌ಶಿಪ್, 2019, ಇರಾನಿನ ತಬ್ರೀಜ್. ಗೆದ್ದದ್ದು ಜಪಾನ್. ಆದರೆ ನನ್ನ ಕಣ್ಣು ನಿಂತದ್ದು ಫೈನಲ್‌ನಲ್ಲಿ ಸೋತವರ ಮೇಲೆ. ಅಫ್ಘಾನಿಸ್ತಾನದ ಹುಡುಗರು! ಯುದ್ಧದ ಸುದ್ದಿ ಬಿಟ್ಟು ಬೇರೇನೂ ಕೇಳದ ಊರಿನವರು. ಎಲ್ಲಿ ಅಭ್ಯಾಸ ಮಾಡಿದರೋ, ಯಾವ ಶಾಲೆಯ ಸಿಮೆಂಟ್ ಅಂಗಳದಲ್ಲೋ.

ನಾನು ಹಾಗೆ ಯೋಚಿಸುತ್ತಾ ಕೂತಿದ್ದರೆ ಇವನದ್ದು ಒಂದೇ ಪ್ರಶ್ನೆ: "ಮಾಮ, ನಮ್ಮ ಟೆರೇಸಿಗೂ ಶೀಟ್ ಉಂಟಲ್ಲ?"

ಅಕ್ಕ ಅಡುಗೆಮನೆಯಿಂದಲೇ "ಬೇಡ" ಎಂದಳು. ಅಲ್ಲಿ ಹಪ್ಪಳ ಉಂಟಂತೆ.