ಸ್ಪೀಕರ್ಸ್ ಸರ್ಕಲ್‌ನ ಬೋಧಕರು ಮತ್ತು ಅವರೆದುರಿನ ವಿದ್ಯಾರ್ಥಿಗಳು

ವಿದೇಶದ ವಿದ್ಯಾರ್ಥಿಜೀವನದ ಬಗ್ಗೆ ನಮ್ಮ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಪ್ರಯೋಗಾಲಯಕ್ಕಿಂತ ಮೊದಲು ನನ್ನ ನೆನಪಿಗೆ ಬಂದದ್ದು ಒಂದು ಬಯಲು ಜಾಗ. ಇಲ್ಲಿ ಸಸ್ಯಶಾಸ್ತ್ರದ ಪದವಿ ಮುಗಿಸಿ ನಾನು ಸೇರಿದ್ದು ಅಮೆರಿಕದ ಕೊಲಂಬಿಯಾ ನಗರದಲ್ಲಿರುವ ಮಿಸೌರಿ ವಿಶ್ವವಿದ್ಯಾಲಯವನ್ನು. 1839ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ವಿಶ್ವವಿದ್ಯಾಲಯದ ಎಲ್ಲಿಸ್ ಗ್ರಂಥಾಲಯದ ಸಮೀಪ ಸ್ಪೀಕರ್ಸ್ ಸರ್ಕಲ್ ಎಂಬ ಜಾಗವಿದೆ. ಅಲ್ಲಿ ಯಾರು ಬೇಕಾದರೂ ನಿಂತು ತಮ್ಮ ಮತವನ್ನು ಸಾರಬಹುದು. ಯುದ್ಧವನ್ನು ವಿರೋಧಿಸುವವರು ಬರುತ್ತಿದ್ದರು, ಚುನಾವಣೆಯ ಕಾಲದಲ್ಲಿ ಪಕ್ಷಗಳವರು ಬರುತ್ತಿದ್ದರು; ಆದರೆ ಚಳಿ ಹಿಂದೆಗೆದ ಏಪ್ರಿಲ್‌ನಲ್ಲಿ, ತರಗತಿಗಳು ಬಿರುಸಾಗುವ ಸೆಪ್ಟೆಂಬರ್‌ನಲ್ಲಿ ಹೆಚ್ಚಾಗಿ ಕಾಣಸಿಗುತ್ತಿದ್ದವರು ಊರೂರು ಸುತ್ತುವ ಕ್ರೈಸ್ತ ಬೋಧಕರು.

ಇವರಲ್ಲಿ ದೇಶಕ್ಕೆಲ್ಲ ಪರಿಚಿತರಾಗಿದ್ದವರು ಬ್ರದರ್ ಜೆಡ್ ಎಂದೇ ಹೆಸರಾದ ಜೆಡ್ ಸ್ಮಾಕ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕ್ಯಾಂಪಸ್ಸಿನಲ್ಲಿ ಇತಿಹಾಸ ಕಲಿಸುತ್ತಿದ್ದ ಅವರು, ಆ ಕೆಲಸ ಬಿಟ್ಟು 1970ರ ದಶಕದಿಂದ ಕಾಲೇಜಿನಿಂದ ಕಾಲೇಜಿಗೆ ಹೋಗಿ ಬೋಧಿಸುವುದನ್ನೇ ಬದುಕಾಗಿಸಿಕೊಂಡವರು. ಕೇಳುಗರನ್ನು ಕೆಣಕಿ, ಕೋಪ ಬರಿಸಿ, ಗುಂಪು ಸೇರಿಸಿಕೊಂಡ ಮೇಲೆ ಪಶ್ಚಾತ್ತಾಪದ ಮಾತಿಗೆ ಬರುವುದು ಅವರ ಪದ್ಧತಿ. ಮುಖಾಮುಖಿ ಸುವಾರ್ತೆ ಎಂದು ತಾವೇ ಅದನ್ನು ಕರೆದುಕೊಂಡಿದ್ದರು. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಅವರನ್ನು ಅಣಕಿಸಲು ಗುಂಪಿಗೆ ಬಂದ ಪತ್ರಿಕೋದ್ಯಮದ ವಿದ್ಯಾರ್ಥಿನಿಯೊಬ್ಬರು ಮುಂದೆ ಅವರ ಅನುಯಾಯಿಯಾಗಿ, ಪತ್ನಿಯೂ ಆಗಿ, ಸಿಸ್ಟರ್ ಸಿಂಡಿ ಎಂಬ ಹೆಸರಿನಲ್ಲಿ ಸ್ವತಃ ಬೋಧಕಿಯಾದರು. 2022ರ ಜೂನ್ ತಿಂಗಳಲ್ಲಿ ಜೆಡ್ ತೀರಿಕೊಂಡ ಸುದ್ದಿ ಓದಿದಾಗ, ಅವರ ಬೋಧನೆಯನ್ನು ಎಂದೂ ಒಪ್ಪದ ನನ್ನ ಸಹಪಾಠಿಗಳು ಕೂಡ ಗೌರವದಿಂದಲೇ ಅವರನ್ನು ನೆನೆದರು.

ಎಲ್ಲ ಬೋಧಕರೂ ಒಂದೇ ತೆರನಾಗಿರಲಿಲ್ಲ. ಬೈಬಲ್ ಹಂಚುವ ಗಿಡಿಯನ್ಸ್ ಸಂಸ್ಥೆಯ ಹಿರಿಯರು ಅಂಗೈಯಗಲದ, ಹಸಿರು ರಟ್ಟಿನ ಹೊಸ ಒಡಂಬಡಿಕೆಯನ್ನು ನಗುಮೊಗದಿಂದ ಚಾಚುತ್ತಿದ್ದರು. ಬೇಡವೆಂದರೆ ಒಳ್ಳೆಯದಾಗಲಿ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಇನ್ನು ಕೆಲವರು ನರಕಕ್ಕೆ ಹೋಗುವವರ ಪಟ್ಟಿಯನ್ನು ದಪ್ಪಕ್ಷರಗಳಲ್ಲಿ ಬರೆದ ಆಳೆತ್ತರದ ಫಲಕ ಹಿಡಿದು ನಿಲ್ಲುತ್ತಿದ್ದರು. ಕುಡುಕರು, ಸಲಿಂಗಿಗಳು, ವಿಗ್ರಹಾರಾಧಕರು ಎಂದು ಸಾಗುವ ಆ ಪಟ್ಟಿಯಲ್ಲಿ ನಮಗೂ ಒಂದು ಸಾಲು ಮೀಸಲಾಗಿತ್ತು.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇದನ್ನೊಂದು ಮೋಜೆಂದೇ ಭಾವಿಸುತ್ತಿದ್ದರು. ಬೋಧಕರು ಪದೇ ಪದೇ ಬಳಸುವ ಪದಗಳನ್ನು ಚೌಕಗಳಲ್ಲಿ ಬರೆದುಕೊಂಡು, ನಮ್ಮ ಕಡೆಯ ಹೌಸಿ ಆಟದಂತೆ ಒಂದೊಂದನ್ನೇ ಹೊಡೆದುಹಾಕುತ್ತ ಕೇಕೆ ಹಾಕುವವರಿದ್ದರು. ಆ ಕೂಗಾಟ ನನಗೆ ಹಿಡಿಸಲಿಲ್ಲ. ಅದು ಬೋಧಕರಿಗೆ ಬೇಕಾಗಿದ್ದ ಗುಂಪನ್ನು ತಾನಾಗಿ ಒದಗಿಸುತ್ತಿತ್ತು, ಮತ್ತು ಅವರ ಮಾತಿನಿಂದ ನಿಜವಾಗಿ ನೊಂದವರ ದನಿ ಆ ಗದ್ದಲದಲ್ಲಿ ಕೇಳಿಸುತ್ತಲೇ ಇರಲಿಲ್ಲ. ನಾವು ಭಾರತದ ವಿದ್ಯಾರ್ಥಿಗಳಾದರೋ, ವೀಸಾದ ಮೇಲೆ ಬಂದವರಿಗೆ ಪರರ ಜಗಳ ಯಾಕೆ ಎಂದು ಬೇಗ ಬೇಗ ದಾಟಿಹೋಗುತ್ತಿದ್ದೆವು.

ಹಾಗೆ ದಾಟಿಹೋಗದೆ ಒಂದು ಮಧ್ಯಾಹ್ನ ನಿಂತವನು ದಾವಣಗೆರೆಯ ನನ್ನ ಗೆಳೆಯ. ಅಂದಿನ ಬೋಧಕರು ಶಾರ್ಟ್ಸ್ ತೊಟ್ಟು ಹೋಗುತ್ತಿದ್ದ ಹುಡುಗಿಯೊಬ್ಬಳತ್ತ ಬೆರಳು ತೋರಿಸಿ, ಇಲ್ಲಿ ಬರೆಯಲಾಗದ ಮಾತೊಂದನ್ನು ಆಡಿದ್ದರು. ಗುಂಪು ಹೋ ಎಂದು ಕೂಗಿತು. ಕೂಗು ತಗ್ಗುವವರೆಗೆ ಕಾದ ಗೆಳೆಯ ಮುಂದೆ ಹೋಗಿ, “ಸರ್, ನಮ್ಮ ಅಜ್ಜಿ ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ತೀರಿಕೊಂಡರು. ಹಸಿದು ಬಂದವರಿಗೆ ಊಟ ಹಾಕದೆ ಕಳುಹಿಸಿದವರಲ್ಲ. ಯೇಸುವಿನ ಹೆಸರನ್ನೇ ಅವರು ಕೇಳಿರಲಿಲ್ಲ. ಅವರು ಈಗ ಎಲ್ಲಿದ್ದಾರೆ?” ಎಂದು ಕೇಳಿದ. ಬೋಧಕರು ಒಂದು ಕ್ಷಣವೂ ತಡೆಯದೆ “ನರಕದಲ್ಲಿ” ಎಂದರು. ಗುಂಪಿನ ನಗು ನಿಂತುಹೋಯಿತು. ಆಗ ಕುತ್ತಿಗೆಯಲ್ಲಿ ಸಣ್ಣ ಶಿಲುಬೆ ಧರಿಸಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಬೈಬಲ್ ತೆರೆದು, ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವನ್ನು, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಮೇಲೆ ಪಾಪವಿಲ್ಲದವನೇ ಮೊದಲು ಕಲ್ಲು ಹಾಕಲಿ ಎಂದು ಯೇಸು ಹೇಳುವ ಭಾಗವನ್ನು, ಎಲ್ಲರಿಗೂ ಕೇಳುವಂತೆ ಓದಿದಳು. ಬೋಧಕರೂ ಬಿಡಲಿಲ್ಲ, ಇನ್ನು ಮೇಲೆ ಪಾಪಮಾಡಬೇಡ ಎಂಬ ಮಾತೂ ಅದೇ ಪ್ರಸಂಗದಲ್ಲಿದೆಯಲ್ಲ ಎಂದು ಮರುನುಡಿದರು. “ಇದೆ. ಆದರೆ ಕಲ್ಲು ಹಿಡಿದವರೆಲ್ಲ ಹೊರಟುಹೋದ ಮೇಲೆ ಆಡಿದ ಮಾತು ಅದು” ಎಂದಳು ಅವಳು. ಮುಂದಿನ ತರಗತಿಯ ಹೊತ್ತಾಗುವವರೆಗೂ ವಾದ ನಡೆಯಿತು, ಮತ್ತು ಆ ಹೊತ್ತಿನಲ್ಲಿ ಒಬ್ಬರೂ ಕೇಕೆ ಹಾಕಲಿಲ್ಲ. ಆಮೇಲೆ ಅವಳೂ ಅವಳ ಸ್ನೇಹಿತೆಯರೂ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು; ಗೆಳೆಯನ ಬಳಿಗೂ ಬಂದು ಅಜ್ಜಿಯ ಬಗ್ಗೆ ಇನ್ನಷ್ಟು ಕೇಳಿದರು. ನಾನು ಆ ದೇಶದಲ್ಲಿ ಕಂಡ ಅತ್ಯುತ್ತಮ ವಿದ್ಯಾರ್ಥಿಗಳು ಇವರು ಎಂದು ಇಂದಿಗೂ ನಂಬಿದ್ದೇನೆ.

ಇಂಥ ಬೋಧಕರನ್ನು ಒಳಗೆ ಬಿಡುವುದೇಕೆ ಎಂದು ಊರಿನಲ್ಲಿ ಹಲವರು ಕೇಳಿದ್ದಾರೆ. ಸರ್ಕಾರಿ ವಿಶ್ವವಿದ್ಯಾಲಯವು ವಾಕ್ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಗೆ ಬದ್ಧವಾದದ್ದರಿಂದ ಮಾತಿನಲ್ಲಿ ಹುರುಳಿಲ್ಲವೆಂಬ ಕಾರಣಕ್ಕೆ ಅದನ್ನು ತಡೆಯುವಂತಿಲ್ಲ. ನಮ್ಮದೇ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸು ವಿದ್ಯಾರ್ಥಿಗಳ ಧಾರ್ಮಿಕ ಸಂಘವೊಂದಕ್ಕೆ ಕೊಠಡಿ ನಿರಾಕರಿಸಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1981ರಲ್ಲೇ ತೀರ್ಪು ಕೊಟ್ಟಿತ್ತು. ನೆರೆಯ ಅರ್ಕನ್ಸಾ ವಿಶ್ವವಿದ್ಯಾಲಯವು ಹೊರಗಿನವರಿಗೆ ಸೆಮಿಸ್ಟರಿಗೆ ಐದೇ ದಿನ ಎಂಬ ಮಿತಿ ಹಾಕಿದಾಗ ಗ್ಯಾರಿ ಬೋಮನ್ ಎಂಬ ಬೋಧಕರು ನ್ಯಾಯಾಲಯಕ್ಕೆ ಹೋದರು. ಮಿಸೌರಿಯೂ ಒಳಪಡುವ ಎಂಟನೆಯ ಸರ್ಕ್ಯೂಟಿನ (ಹಲವು ರಾಜ್ಯಗಳು ಸೇರಿದ ನ್ಯಾಯವಲಯದ) ಮೇಲ್ಮನವಿ ನ್ಯಾಯಾಲಯವು 2006ರಲ್ಲಿ ಆ ಮಿತಿಯನ್ನು ರದ್ದುಮಾಡಿತು, ಆದರೆ ಮೂರು ದಿನ ಮುಂಚಿತವಾಗಿ ತಿಳಿಸಬೇಕೆಂಬ ಮತ್ತು ಪರೀಕ್ಷೆಯ ಆಸುಪಾಸಿನಲ್ಲಿ ಬೋಧಿಸಬಾರದೆಂಬ ನಿಯಮಗಳನ್ನು ಉಳಿಸಿತು. ಇದು ನ್ಯಾಯವಾದ ತೀರ್ಪೆಂದೇ ನನ್ನ ಅಭಿಪ್ರಾಯ. 2015ರ ಮಿಸೌರಿ ಕಾಯಿದೆಯಂತೂ ಸರ್ಕಾರಿ ಕಾಲೇಜುಗಳ ಹೊರಾಂಗಣವನ್ನೆಲ್ಲ ಮಾತಿಗೆ ಮುಕ್ತಗೊಳಿಸಿತು.

ಬಯಲಿನಲ್ಲಿ ನಿಂತು ಮತ ಸಾರುವುದು ಕನ್ನಡನಾಡಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಸಂತೆ, ಜಾತ್ರೆಗಳಲ್ಲಿ ಬೋಧಿಸಿದರು. ಜನರೊಡನೆ ವಾದಿಸಬೇಕಾದರೆ ಅವರ ಭಾಷೆ ಬರಬೇಕೆಂದು ಕನ್ನಡ ಕಲಿತರು. ಮತಾಂತರದ ಆ ಕೆಲಸದ ಬಗ್ಗೆ ಏನೇ ಅಭಿಪ್ರಾಯವಿರಲಿ, 1843ರ ಮಂಗಳೂರು ಸಮಾಚಾರವೂ 1894ರ ಕಿಟ್ಟೆಲ್ ನಿಘಂಟೂ ಆ ಪರಂಪರೆಯಿಂದಲೇ ನಮಗೆ ದಕ್ಕಿದವು.

ನನ್ನನ್ನು ಬಹಳ ಕಾಡಿದ ಪ್ರಕರಣ ನಾನು ಆ ಊರು ಬಿಟ್ಟ ಮೇಲಿನದು. ಜಾರ್ಜಿಯಾ ಗ್ವಿನೆಟ್ ಕಾಲೇಜಿನ ವಿದ್ಯಾರ್ಥಿ ಚಿಕೆ ಉಜುಎಗ್ಬುನಾಮ್ 2016ರಲ್ಲಿ ತನ್ನ ನಂಬಿಕೆಯ ಬಗ್ಗೆ ಸಹಪಾಠಿಗಳೊಡನೆ ಮಾತಾಡತೊಡಗಿದಾಗ, ಅದಕ್ಕೆ ಗೊತ್ತುಮಾಡಿದ ಜಾಗಕ್ಕೆ ಹೋಗು ಎಂದರು. ಅನುಮತಿ ಪಡೆದು ಅಲ್ಲಿ ನಿಂತು ಮಾತಾಡಿದಾಗ, ದೂರು ಬಂದಿದೆ ಎಂದು ಪೊಲೀಸರು ನಿಲ್ಲಿಸಿದರು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ, ಅದರ ವಿರುದ್ಧ ಅವನು ಹೂಡಿದ್ದ ಮೊಕದ್ದಮೆ ಮುಂದುವರಿಯಬಹುದೆಂದು ಹೇಳಿತು. ದೂರು ಕೊಡುವುದೂ ವಿದ್ಯಾರ್ಥಿಗಳ ಒಂದು ಪ್ರತಿಕ್ರಿಯೆಯೇ ನಿಜ, ಬೆದರಿಕೆಯೋ ಬೆನ್ನುಹತ್ತುವಿಕೆಯೋ ಇದ್ದಲ್ಲಿ ಕೊಡಲೇಬೇಕು; ಬರಿಯ ಮಾತಿಗೆ ಮಾತ್ರ, ನನ್ನ ಗೆಳೆಯನ ಹಾಗೆ ಎದುರು ನಿಂತು ಪ್ರಶ್ನೆ ಕೇಳುವವರು ನಮ್ಮ ಕಾಲೇಜಿನಿಂದ ಹೋಗಲಿ ಎಂದು ನಾನು ಬಯಸುತ್ತೇನೆ.