ಈ ಕಾಗದ ಇಷ್ಟು ವರ್ಷ ಎಲ್ಲಿತ್ತು?

ನಾನು ಸಿನಿಮಾ, ಧಾರಾವಾಹಿಗಳ ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುತ್ತೇನೆ. ಹಳೇ ಪತ್ರ, ಕ್ರಯಪತ್ರ, ಲಗ್ನಪತ್ರಿಕೆ ಇಂಥವನ್ನೆಲ್ಲ ಹೊಸ ಹಾಳೆಯಲ್ಲಿ ಮಾಡಿಕೊಡುವುದು ನನ್ನ ಪಾಲು. ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಹಾಳೆಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಅಂಚನ್ನು ಮೇಣದಬತ್ತಿಗೆ ಹಿಡಿದು ಸುಟ್ಟು ತರುತ್ತಾರೆ. ನಮ್ಮ ಮನೆಗಳಲ್ಲಿ ಸುಟ್ಟ ಅಂಚಿನ ಪತ್ರ ಯಾರಾದರೂ ನೋಡಿದ್ದೀರಾ? ಅದಕ್ಕೇ ಇಂಕ್ ಪ್ಯಾಡ್ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳುವುದು ಒಂದೇ, ಈ ಕಾಗದ ಇಷ್ಟು ವರ್ಷ ಎಲ್ಲಿತ್ತು?

ಗೋಡೆಗೆ ನೇತುಹಾಕಿದ ತಂತಿಯಲ್ಲಿ ಚುಚ್ಚಿಟ್ಟಿದ್ದರೆ ನಡುವೆ ಒಂದು ತೂತು, ತೂತಿನ ಸುತ್ತ ತುಕ್ಕಿನ ಕಂದು ಉಂಗುರ, ಅಡುಗೆಮನೆ ಹತ್ತಿರವಿದ್ದರೆ ಮೇಲೆ ಹೊಗೆಯ ಮಬ್ಬು. ಟ್ರಂಕಿನಲ್ಲಿ ಮಡಚಿಟ್ಟಿದ್ದರೆ ಹೊರಗಿನ ಮಡಿಕೆ ಮಾತ್ರ ಕಪ್ಪಾಗಿ, ಒಳಗಿನದು ಹೆಚ್ಚುಕಡಿಮೆ ಬೆಳ್ಳಗೇ ಇರುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಇರುತ್ತದೆ, ಗಾಳಿ ಬೆಳಕು ತಾಗಿದಂತೆ ಅದೇ ಕಂದಾಗುವುದು. ಗಾಳಿ ಮೊದಲು ತಾಗುವುದು ಅಂಚಿಗೆ, ಅಲ್ವಾ? ಆದ್ದರಿಂದ ಬಣ್ಣವೂ ಅಂಚಿನಿಂದ ಒಳಕ್ಕೆ ಹೋಗಬೇಕು.

ನಾನು ಬಳಸುವುದು ಡಿಸ್ಟ್ರೆಸ್ ಇಂಕ್, ಅಂದರೆ ಕಾಗದ ಹಳೆಯದಾಗಿ ಕಾಣಲೆಂದೇ ಮಾಡಿದ ಪ್ಯಾಡ್ ಇಂಕ್. ಟೀ ಡೈ, ವಿಂಟೇಜ್ ಫೋಟೋ, ವಾಲ್ನಟ್ ಸ್ಟೇನ್ ಈ ಮೂರು ಶೇಡ್ ಸಾಕು. ಇದು ನಿಧಾನಕ್ಕೆ ಒಣಗುತ್ತದೆ, ಹಾಗಾಗಿ ಉಜ್ಜಿ ಹರಡಲು ಸಮಯ ಸಿಗುತ್ತದೆ. ಸ್ಪಂಜಿಗೆ ಇಂಕ್ ಹಚ್ಚಿ ಪಕ್ಕದ ರದ್ದಿ ಹಾಳೆಯ ಮೇಲೆ ಗುಂಡಗೆ ಉಜ್ಜಲು ಶುರುಮಾಡಿ, ಹಾಗೇ ಉಜ್ಜುತ್ತಾ ಹಗುರವಾಗಿ ಅಂಚಿನ ಮೇಲೆ ಬನ್ನಿ. ನೇರವಾಗಿ ಕಾಗದದ ಮೇಲೇ ಸ್ಪಂಜ್ ಒತ್ತಿದರೆ ಅಲ್ಲೊಂದು ಗುಂಡಗಿನ ಕಲೆ ಕೂತುಬಿಡುತ್ತದೆ, ಆಮೇಲೆ ಹೋಗಲ್ಲ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ, ಅದೂ ಮೂಲೆಗಳಲ್ಲಿ ಮಾತ್ರ.

ಮಡಚುವುದು ಇಂಕ್‌ಗಿಂತ ಮೊದಲು ಆಗಬೇಕು. ಮಡಿಕೆಯಲ್ಲಿ ಕಾಗದದ ನಾರು ಮುರಿದಿರುತ್ತದೆ, ಅಲ್ಲಿ ಬಣ್ಣ ತಾನಾಗಿಯೇ ಜಾಸ್ತಿ ಹೀರುತ್ತದೆ. ನಾವು ಗೆರೆ ಎಳೆಯುವುದೇ ಬೇಡ. ತೇವದ ಕಲೆ ಬೇಕಿದ್ದರೆ ಇಂಕ್ ಹಚ್ಚಿದ ಜಾಗಕ್ಕೆ ನೀರು ಚಿಮುಕಿಸಿ, ಸ್ವಲ್ಪ ಬಿಟ್ಟು ಬಟ್ಟೆಯಿಂದ ಒತ್ತಿ ತೆಗೆಯಿರಿ. ಆದರೆ ಅಕ್ಷರ ಫೌಂಟನ್ ಪೆನ್ನಿನ ರಾಯಲ್ ಬ್ಲೂನಲ್ಲಿದ್ದರೆ ಹುಷಾರು, ನೀರು ಬಿದ್ದರೆ ಬರಹವೆಲ್ಲ ಹರಡಿಹೋಗುತ್ತದೆ. ಅಂಥ ಪತ್ರಕ್ಕೆ ಒಣ ಸ್ಪಂಜೇ ಸರಿ.

ಇಷ್ಟೆಲ್ಲ ಮಾಡಿ 1965ರ ಪತ್ರದ ವಿಳಾಸದಲ್ಲಿ ಪಿನ್‌ಕೋಡ್ ಬರೆದರೆ ಎಲ್ಲ ಕೆಟ್ಟಿತು. ಪಿನ್‌ಕೋಡ್ ಬಂದಿದ್ದೇ 1972ರಲ್ಲಿ. ರಾಜ್ಯದ ಹೆಸರು ಕರ್ನಾಟಕ ಆಗಿದ್ದು 1973ರ ನವೆಂಬರ್ 1ರಂದು, ಹಾಗಾಗಿ ಈ 1965ರ ಪತ್ರದಲ್ಲಿ ಮೈಸೂರು ರಾಜ್ಯ ಅಂತಲೇ ಇರಬೇಕು. ಕ್ಯಾಮೆರಾ ಕ್ಲೋಸ್‌ಅಪ್‌ಗೆ ಹೋದಾಗ ಜನ ಓದುತ್ತಾರೆ, ಸುಮ್ನೆ ನೋಡಿ ಬಿಡಲ್ಲ.

ಇನ್ನೊಂದು, ಯಾವತ್ತೂ ಒಂದೇ ಪ್ರತಿ ಮಾಡಬೇಡಿ. ನಾಯಕಿ ಪತ್ರ ಹರಿದು ಬಿಸಾಡುವ ಸೀನಿದ್ದರೆ ಪ್ರತಿ ಟೇಕ್‌ಗೂ ಹೊಸ ಪತ್ರ ಬೇಕು, ಮತ್ತೆ ಎಲ್ಲವೂ ಒಂದೇ ಥರ ಕಾಣಬೇಕು. ಒಂದನ್ನು ಪೂರ್ತಿ ಮುಗಿಸಿ, ಎದುರಿಗಿಟ್ಟುಕೊಂಡು, ಉಳಿದವಕ್ಕೆ ಅದೇ ಜಾಗದಲ್ಲಿ ಮಡಿಕೆ, ಅದೇ ಮೂಲೆಯಲ್ಲಿ ಕಲೆ ಹಾಕಿ. ಎರಡೂ ಬದಿಯ ಫೋಟೋ ಕಂಟಿನ್ಯುಯಿಟಿ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಲ್ಲ ಹೊಂದುತ್ತದೆಯೇ ಅಂತ) ನೋಡುವವರಿಗೆ ಅವತ್ತೇ ಕಳಿಸಿಬಿಡಿ.